ನೆರೆಯವನ ಜಾಮೀನು: ರೈಫೈಸನ್ನನ ಬಾಳು

ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯನ್ನು ಶಾಲೆಯಲ್ಲಿ ಒಮ್ಮೆಯಾದರೂ ಬಾಯಿಪಾಠ ಮಾಡದ ಕನ್ನಡಿಗನು ವಿರಳ. ಪ್ರತಿವರ್ಷವೂ ನಾನು ಅದನ್ನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಸಾಲವೇ ಶೂಲವೆಂಬ ಹಿರಿಯರ ಗಾದೆಯನ್ನು ಅದಕ್ಕೆ ಜೋಡಿಸಿ, ಬಡ್ಡಿಯ ಬಾಧೆಗೆ ಸಿಕ್ಕಿ ಹೊಲಮನೆ ಕಳೆದುಕೊಂಡವರ ಒಂದೆರಡು ಕಥೆಗಳನ್ನು ಹೇಳಿ ಮುಂದಿನ ಪದ್ಯಕ್ಕೆ ಹೋಗುವುದು ನನ್ನ ರೂಢಿ. ಎರಡು ವರ್ಷಗಳ ಹಿಂದೆ ಹೀಗೆಯೇ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಾಯಿ ಊರಿನ ಹೆಂಗಸರ ಸಂಘದಲ್ಲಿ ಸಾಲ ತೆಗೆದು ಒಂದು ಎಮ್ಮೆ ಕೊಂಡಳಂತೆ. ಹಾಲು ಮಾರಿ ಕಂತು ಕಟ್ಟಿ ಅದನ್ನು ತೀರಿಸಿದಳಂತೆ. ಮತ್ತೆ ತೆಗೆದ ಸಾಲದಲ್ಲಿ ಮಗಳನ್ನು ಕಾಲೇಜಿಗೆ ಸೇರಿಸಿದಳಂತೆ. ಹಾಗಾದರೆ ಈ ಪದ್ಯವು ತನ್ನ ತಾಯಿಗೂ ಅನ್ವಯಿಸುವುದೇ ಎಂದು ಅವಳು ಕೇಳಿದಳು. ನಾನು ಏನೋ ಒಂದು ಉತ್ತರ ಹೇಳಿದೆ. ಗಂಟೆ ಹೊಡೆಯಿತು. ಉತ್ತರವು ಅವಳಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಮುಖದಿಂದಲೇ ತಿಳಿಯಿತು. ನನಗೂ ಅದು ಒಪ್ಪಿಗೆಯಾಗಿರಲಿಲ್ಲ.

ಅಂದಿನಿಂದ, ಸಾಲವು ಶೂಲವಾಗದೆ ಊರುಗೋಲಾದದ್ದು ಎಲ್ಲಿ, ಯಾರಿಂದ, ಯಾವ ಬಗೆಯಲ್ಲಿ ಎಂದು ಹುಡುಕತೊಡಗಿದೆ. ನಾನು ಅರ್ಥಶಾಸ್ತ್ರ ಬಲ್ಲವನಲ್ಲ, ಕನ್ನಡ ಮೇಷ್ಟರು. ವಾಚಕರು ಆ ಅಳತೆಯಲ್ಲಿಯೇ ಈ ಬರಹವನ್ನು ನೋಡಬೇಕು. ಹುಡುಕುತ್ತ ಹೋದಂತೆ ದಾರಿಗಳೆಲ್ಲ ಒಬ್ಬ ಮನುಷ್ಯನ ಬಾಗಿಲಿಗೆ ಬಂದು ನಿಂತವು. ಆತನು ಜರ್ಮನಿಯ ಒಂದು ಬಡ ಬೆಟ್ಟಸೀಮೆಯ ಮೇಯರ್, ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್. ನಮ್ಮ ಹಳ್ಳಿಗಳಲ್ಲಿ ಪತ್ತಿನ ಸಹಕಾರಿ ಸಂಘವೆಂಬ ಹಲಗೆಯನ್ನು ತೂಗುಹಾಕಿದ ಕಟ್ಟಡಗಳು ಎಷ್ಟೋ ಇವೆ. ಆ ಹಲಗೆಯ ಕೆಳಗೆ ದಿನವೂ ಹಾದುಹೋಗುವವರಲ್ಲಿ ಈ ಹೆಸರನ್ನು ಕೇಳಿದವರು ಎಷ್ಟು ಮಂದಿ ಇದ್ದಾರು?

ರೈಫೈಸನ್ನನು ಹುಟ್ಟಿದ್ದು ೧೮೧೮ನೆಯ ಇಸವಿ ಮಾರ್ಚ್ ೩೦ರಂದು, ಸೀಗ್ ನದಿಯ ದಂಡೆಯ ಹಾಮ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವನು. ತಂದೆಯು ಒಕ್ಕಲುತನ ಮಾಡುತ್ತ ಕೆಲಕಾಲ ಆ ಊರಿನ ಮೇಯರನೂ ಆಗಿದ್ದವನು. ಆದರೆ ಮನೆಯ ಭಾರವೆಲ್ಲ ಬೇಗನೆ ತಾಯಿಯ ಹೆಗಲಿಗೆ ಬಿತ್ತು. ಹುಡುಗನನ್ನು ದೊಡ್ಡ ಶಾಲೆಗೆ ಕಳುಹಿಸುವಷ್ಟು ಹಣವಿರಲಿಲ್ಲ. ಊರಿನ ಪಾದ್ರಿ ಸೈಪೆಲ್ ಎಂಬಾತನು ಅವನನ್ನು ಕೂರಿಸಿಕೊಂಡು ಪಾಠ ಹೇಳಿದನು. ವಿದ್ಯೆಯ ಜೊತೆಗೆ ಆತನಿಂದ ಹುಡುಗನಿಗೆ ಬಂದದ್ದು ಕ್ರೈಸ್ತ ಭಕ್ತಿ. ಹಸಿದವನಿಗೆ ಅನ್ನವಿಕ್ಕುವುದು ಉಳ್ಳವನ ಧರ್ಮವೆಂಬ ಆ ಭಕ್ತಿಯು ಕೊನೆಯವರೆಗೂ ಅವನನ್ನು ಬಿಡಲಿಲ್ಲ. ಮುಂದೆ ಅವನಿಗೆ ದಾರಿ ತೋರಿಸಿದ್ದೂ, ಬಹುಕಾಲ ದಾರಿಗೆ ಅಡ್ಡನಿಂತದ್ದೂ ಅದೇ ಎಂಬುದು ನನ್ನ ತಿಳುವಳಿಕೆ.

ಹದಿನೇಳನೆಯ ವಯಸ್ಸಿನಲ್ಲಿ, ಬಡವರ ಮಕ್ಕಳು ಹಿಡಿಯುವ ದಾರಿಯನ್ನೇ ಹಿಡಿದು ಅವನು ಸೈನ್ಯಕ್ಕೆ ಸೇರಿದನು. ಫಿರಂಗಿ ದಳದಲ್ಲಿ ಕೆಲಸ. ಮುಂದೆ ಬರುವ ಯೋಗ್ಯತೆಯೂ ಇದ್ದಿತು. ಆದರೆ ಕಣ್ಣಿನ ರೋಗವೊಂದು ಅಂಟಿಕೊಂಡಿತು. ೧೮೪೩ರಲ್ಲಿ ಸೈನ್ಯ ಬಿಟ್ಟು ಸರ್ಕಾರದ ಕಚೇರಿಯ ಕೆಲಸಕ್ಕೆ ಬಂದನು. ಎರಡು ವರ್ಷಗಳ ತರುವಾಯ, ೧೮೪೫ರಲ್ಲಿ, ವೆಸ್ಟರ್‌ವಾಲ್ಡ್ ಬೆಟ್ಟಗಳ ನಡುವಣ ವೈಯರ್‌ಬುಷ್ ಎಂಬ ಸೀಮೆಗೆ ಅವನನ್ನು ಮೇಯರನನ್ನಾಗಿ ನೇಮಿಸಿದರು. ಆ ವರ್ಷವೇ ಎಮಿಲೀ ಸ್ಟಾರ್ಕ್ ಎಂಬವಳನ್ನು ಮದುವೆಯಾದನು. ಮೇಯರ್ ಎಂದೊಡನೆ ನಮ್ಮ ಮಹಾನಗರಗಳ ಮೇಯರರನ್ನು ನೆನೆಯಬಾರದು. ಹಲವಾರು ಹಳ್ಳಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಆ ಅಧಿಕಾರವು ನಮ್ಮ ಹಿಂದಿನ ಪಾಟೀಲಿಕೆಗಿಂತ ಹಿರಿದು, ಮಾಮಲೇದಾರಿಕೆಗಿಂತ ಕಿರಿದು. ಕಂದಾಯ, ಶಾಲೆ, ರಸ್ತೆ, ಬಡವರ ಪರಾಮರಿಕೆ ಎಲ್ಲವೂ ಅವನದೇ.

ಆ ಬಡವರ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಪ್ರಷ್ಯದ ರೈತನು ಆಗತಾನೆ ಜಮೀನ್ದಾರರ ಬಿಟ್ಟಿಯಿಂದ ಬಿಡುಗಡೆ ಹೊಂದಿದ್ದನು. ನೆಲವು ಅವನದಾಯಿತು, ಕೈಯಲ್ಲಿ ಕಾಸಿರಲಿಲ್ಲ. ಕಂದಾಯವನ್ನು ನಾಣ್ಯದಲ್ಲಿಯೇ ಕಟ್ಟಬೇಕು. ಪಟ್ಟಣದ ಬ್ಯಾಂಕಿಗೆ ಬೆಟ್ಟದ ಮೇಲಿನ ಎರಡು ಎಕರೆಯ ಒಡೆಯನ ಗುರುತೇ ಇಲ್ಲ. ಆದ್ದರಿಂದ ಬಿತ್ತನೆಗೆ, ದನಕ್ಕೆ, ಸಾವಿಗೆ, ಮದುವೆಗೆ, ಎಲ್ಲಕ್ಕೂ ಲೇವಾದೇವಿಗಾರನೇ ಗತಿ. ದನದ ವ್ಯಾಪಾರಿಯು ಹಸುವನ್ನು ರೈತನ ಕೊಟ್ಟಿಗೆಯಲ್ಲಿ ಕಟ್ಟಿಹೋಗುವನು. ಹಸು ಮಾತ್ರ ವ್ಯಾಪಾರಿಯದು. ಮೇವು, ಆರೈಕೆ ರೈತನದು. ಕರು ಹುಟ್ಟಿದರೆ ಅದರಲ್ಲಿ ವ್ಯಾಪಾರಿಗೆ ಪಾಲು. ನಮ್ಮಲ್ಲಿ ಆಡು ಕುರಿಗಳನ್ನು ಪಾಲಿಗೆ ಸಾಕುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ವ್ಯತ್ಯಾಸವೆಂದರೆ, ಅಲ್ಲಿ ಒಂದು ಕಂತು ತಪ್ಪಿದರೆ ಹಸುವಿನ ಬೆನ್ನಿಗೇ ಹೊಲವೂ ಹೋಗುತ್ತಿತ್ತು.

ಇಂಥ ಸೀಮೆಯ ಮೇಲೆ ೧೮೪೬ರಲ್ಲಿ ಬರ ಬಂದಿತು. ಆಲೂಗಡ್ಡೆಗೆ ರೋಗ ತಗುಲಿ ಅದಾಗಲೇ ವರ್ಷವಾಗಿತ್ತು. ಈಗ ಧಾನ್ಯವೂ ಕೈಕೊಟ್ಟಿತು. ೧೮೪೬-೪೭ರ ಚಳಿಗಾಲದಲ್ಲಿ ರೊಟ್ಟಿಯ ಬೆಲೆ ಏರುತ್ತಲೇ ಹೋಯಿತು. ಸರ್ಕಾರವು ಹಿಟ್ಟು ಧಾನ್ಯಗಳನ್ನು ಕಳುಹಿಸಿತು, ಆದರೆ ರೊಕ್ಕ ಎಣಿಸಿದವರಿಗೆ ಮಾತ್ರ ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ರೊಕ್ಕವಿದ್ದವರಿಗೆ ಬರವೇ ಇರಲಿಲ್ಲವೆಂಬುದನ್ನು ಕಚೇರಿಯಲ್ಲಿ ಕುಳಿತವರು ಯೋಚಿಸಿದಂತೆ ತೋರುವುದಿಲ್ಲ. ಇಪ್ಪತ್ತೆಂಟರ ಹರೆಯದ ಮೇಯರನು ಆ ಆಜ್ಞೆಯನ್ನು ಬದಿಗಿಟ್ಟನು. ಧಾನ್ಯವನ್ನು ಕಡವಾಗಿ ಹಂಚಿದನು. ಅನುಕೂಲಸ್ಥರನ್ನು ಕಂಡು ಹಣ ಕೂಡಿಸಿ ಒಂದು ರೊಟ್ಟಿಯ ಸಂಘವನ್ನು ಕಟ್ಟಿದನು. ಊರೊಟ್ಟಿನ ಒಲೆಯನ್ನು ಹೂಡಿಸಿ ಅಲ್ಲಿ ಬೇಯಿಸಿದ ರೊಟ್ಟಿಯನ್ನು ಪೇಟೆಗಿಂತ ಬಹಳ ಕಡಿಮೆಯ ಬೆಲೆಗೆ, ಕೈಯಲ್ಲಿ ಇಲ್ಲದವರಿಗೆ ಮುಂದೆ ಕೊಡುವ ಕರಾರಿನ ಮೇಲೆ, ಮಾರಿಸಿದನು. ಸುಗ್ಗಿಯಾದ ಮೇಲೆ ಜನರು ಬಾಕಿ ತಂದುಕೊಟ್ಟರು. ಬಡವನಿಗೆ ಕೊಟ್ಟ ಕಡ ಮರಳಿ ಬರುವುದೆಂಬುದನ್ನು ರೈಫೈಸನ್ನನು ಪುಸ್ತಕದಲ್ಲಿ ಓದಲಿಲ್ಲ. ಆ ಒಲೆಯ ಮುಂದೆ ಕಂಡನು.

ಅದೇ ದಿನಗಳಲ್ಲಿ ಅವನು ರಸ್ತೆಯನ್ನೂ ಮಾಡಿಸತೊಡಗಿದನು. ಬೆಟ್ಟದ ಮೇಲಿನ ಬೆಳೆಯು ರೈನ್ ನದಿಯ ದಂಡೆಯ ಪೇಟೆಗೆ ಇಳಿಯದಿದ್ದರೆ ಬೆಳೆದೂ ಪ್ರಯೋಜನವಿಲ್ಲವಷ್ಟೆ. ಹಾಮ್‌ನಿಂದ ನೊಯ್‌ವೀಡ್‌ಗೆ ಇಳಿಯುವ ಆ ದಾರಿಗೆ ಇಂದು ಅವನ ಹೆಸರನ್ನೇ ಇಟ್ಟಿದ್ದಾರೆ.

೧೮೪೮ರಲ್ಲಿ ಅವನನ್ನು ಫ್ಲಾಮರ್ಸ್‌ಫೆಲ್ಡ್ ಎಂಬ ನೆರೆಯ ಸೀಮೆಗೆ ವರ್ಗಮಾಡಿದರು. ಇನ್ನೂ ಬಡ ಸೀಮೆ. ಅಲ್ಲಿ ೧೮೪೯ರ ಡಿಸೆಂಬರಿನಲ್ಲಿ, ನಿರ್ಗತಿಕ ರೈತರಿಗೆ ನೆರವಾಗುವ ಒಂದು ಸಂಘವನ್ನು ಸ್ಥಾಪಿಸಿದನು. ಅರವತ್ತು ಮಂದಿ ಉಳ್ಳವರು ತಮ್ಮ ಸಮಸ್ತ ಆಸ್ತಿಯನ್ನೂ ಜಾಮೀನಾಗಿ ಒಡ್ಡಿ ಸಾಲ ತಂದರು. ಆ ಹಣದಲ್ಲಿ ಸಂಘವೇ ದನ ಕೊಂಡು ರೈತರಿಗೆ ಕೊಡುವುದು. ರೈತನು ಐದು ವರ್ಷಗಳ ಕಂತಿನಲ್ಲಿ ತೀರಿಸುವುದು. ಹಸುವು ತನ್ನ ಹಾಲಿನಿಂದ ತಾನೇ ತನ್ನ ಬೆಲೆಯನ್ನು ಕಟ್ಟುವಷ್ಟು ಕಾಲಾವಕಾಶ ಅದು. ಕೆಲವು ದಿನಗಳಲ್ಲಿಯೇ ದನದ ಬದಲು ಹಣವನ್ನೇ ಸಾಲ ಕೊಡುವುದು ಸರಳವೆಂದು ಕಂಡುಬಂದು ಹಾಗೆಯೇ ಮಾಡತೊಡಗಿದರು. ಲೇವಾದೇವಿಗಾರರ ಹಿಡಿತ ಸಡಿಲಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ರೈಫೈಸನ್ನನು ಒಬ್ಬ ಒಳ್ಳೆಯ ಅಧಿಕಾರಿಯೆನಿಸಿಕೊಂಡು ಮರೆತುಹೋಗುತ್ತಿದ್ದನು. ಅಂಥವರು ಎಲ್ಲ ದೇಶಗಳಲ್ಲಿಯೂ ಆಗಿಹೋಗಿದ್ದಾರೆ. ನನಗೆ ಅವನ ಬಾಳಿನಲ್ಲಿ ಹಿರಿದಾಗಿ ಕಾಣುವುದು ಮುಂದಿನ ಹತ್ತು ಹನ್ನೆರಡು ವರ್ಷಗಳ ಸೋಲು.

೧೮೫೨ರಲ್ಲಿ ನೊಯ್‌ವೀಡ್‌ನ ಮಗ್ಗುಲ ಹೆಡ್ಡೆಸ್‌ಡಾರ್ಫಿಗೆ ಮೇಯರನಾಗಿ ಬಂದವನು ೧೮೫೪ರಲ್ಲಿ ಅಲ್ಲಿಯೂ ಒಂದು ಧರ್ಮಸಂಘವನ್ನು ಕಟ್ಟಿದನು. ಈ ಸಲ ಮನಸ್ಸು ಇನ್ನೂ ವಿಶಾಲವಾಗಿದ್ದಿತು. ದಿಕ್ಕಿಲ್ಲದ ಮಕ್ಕಳ ಪಾಲನೆ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕೆಲಸ, ಊರಿಗೊಂದು ಪುಸ್ತಕಭಂಡಾರ, ಬಡವರಿಗೆ ದನ, ಸಾಲ, ಎಲ್ಲವನ್ನೂ ಒಂದೇ ಸಂಘವು ಮಾಡಬೇಕೆಂದು ಅವನ ಆಸೆ. ಸಿರಿವಂತರು ಸದಸ್ಯರು, ಬಡವರು ಫಲಾನುಭವಿಗಳು. ಕೆಲವು ವರ್ಷ ನಡೆಯಿತು. ಆಮೇಲೆ ಒಂದೊಂದಾಗಿ ಕೆಲಸಗಳು ಬಿದ್ದುಹೋದವು. ಸಾಲದ ಕೆಲಸವೊಂದು ಉಳಿಯಿತು. ಅದೂ ಅಲುಗಾಡಿತು. ಜಾಮೀನಿನ ಹೊರೆಯೆಲ್ಲ ತಮ್ಮದು, ಪ್ರಯೋಜನವೆಲ್ಲ ಬೇರೆಯವರದು ಎಂದು ಸಿರಿವಂತರು ಮೆಲ್ಲಮೆಲ್ಲನೆ ಹಿಂದೆಗೆದರು. ಬರದ ವರ್ಷದಲ್ಲಿ ಕರಗಿದ ಮನಸ್ಸು ಸುಭಿಕ್ಷದಲ್ಲಿಯೂ ಕರಗಿಯೇ ಇರಬೇಕೆಂದು ನಿರೀಕ್ಷಿಸುವುದು ಎಲ್ಲಿಯ ನ್ಯಾಯ? ಅವರನ್ನು ದೂಷಿಸಲು ನನಗೆ ಮನಸ್ಸಾಗದು. ಪರರ ಸಾಲಕ್ಕೆ ತನ್ನ ಮನೆಯನ್ನು ಇಪ್ಪತ್ತು ವರ್ಷ ಅಡವಿಡುವವನು ಸಂತನಾಗಿರಬೇಕು, ಸಂತರಿಂದ ಸಂಘಗಳು ನಡೆಯುವುದಿಲ್ಲ.

ಆದರೆ ರೈಫೈಸನ್ನನಿಗೆ ಇದನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟವಾಯಿತು. ಆಗ ಜರ್ಮನಿಯ ಪಟ್ಟಣಗಳಲ್ಲಿ ಹೆರ್ಮನ್ ಷುಲ್ಸೆ-ಡೆಲಿಚ್ ಎಂಬ ಇನ್ನೊಬ್ಬ ದೊಡ್ಡ ಮನುಷ್ಯನು ಕುಶಲಕರ್ಮಿಗಳಿಗಾಗಿ ಸಾಲದ ಸಂಘಗಳನ್ನು ಕಟ್ಟುತ್ತಿದ್ದನು. ಧರ್ಮದ ಮಾತು ಬೇಡ. ಸಾಲ ಬೇಕಾದವರೇ ಸದಸ್ಯರಾಗಲಿ, ಅವರೇ ಹೊಣೆ ಹೊರಲಿ ಎಂಬುದು ಅವನ ಮತ. ಇಬ್ಬರಿಗೂ ೧೮೬೦ರ ದಶಕದ ಮೊದಲಲ್ಲಿ ಪತ್ರವ್ಯವಹಾರ ನಡೆಯಿತು. ಉಳ್ಳವರ ಕರುಣೆಯ ಮೇಲೆ ಕಟ್ಟಿದ್ದು ನಿಲ್ಲುವುದಿಲ್ಲವೆಂಬುದನ್ನು ರೈಫೈಸನ್ನನು ತನ್ನ ಹೆಡ್ಡೆಸ್‌ಡಾರ್ಫಿನ ಲೆಕ್ಕದ ಪುಸ್ತಕದಲ್ಲಿಯೇ ದಿನವೂ ಕಾಣುತ್ತಿದ್ದನು. ಕಡೆಗೆ ೧೮೬೪ರಲ್ಲಿ ಹಳೆಯ ಧರ್ಮಸಂಘದ ಜಾಗದಲ್ಲಿ ಹೊಸದೊಂದು ಸಾಲದ ಸಂಘವು ಬಂದಿತು. ಅದರ ನಿಯಮವೊಂದೇ ಹಳೆಯದನ್ನೆಲ್ಲ ತಲೆಕೆಳಗು ಮಾಡಿತು: ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು, ಸದಸ್ಯನಾದವನು ಎಲ್ಲರ ಸಾಲಕ್ಕೂ ಹೊಣೆಯಾಗಬೇಕು. ಅಂದಿನಿಂದ ಬಡವನು ಕೈಚಾಚುವವನಾಗಿ ಉಳಿಯಲಿಲ್ಲ. ತನ್ನ ನೆರೆಯವನಿಗೆ ತಾನೇ ಜಾಮೀನಾದನು.

ಈ ಏರ್ಪಾಡು ಹೇಗೆ ನಡೆಯುತ್ತಿತ್ತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಏಕೆಂದರೆ ನಮ್ಮ ನಾಡಿಗೆ ಬಂದದ್ದು ಇದೇ. ಒಂದು ಊರಿಗೆ ಒಂದು ಸಂಘ. ಅದು ಊರ ಗಡಿಯನ್ನು ದಾಟಬಾರದು. ಎಲ್ಲರಿಗೂ ಎಲ್ಲರ ಮನೆಯ ಒಳಹೊರಗು ಗೊತ್ತಿರಬೇಕು, ಯಾರು ದುಡಿಯುವವನು, ಯಾರು ಕುಡಿಯುವವನು ಎಂಬುದು ಸಹ. ಪಟ್ಟಣದ ಬ್ಯಾಂಕಿನವನು ನೂರು ಕಾಗದ ನೋಡಿ ತಿಳಿಯಲಾರದ್ದನ್ನು ಹಳ್ಳಿಯವನು ಬಾವಿಕಟ್ಟೆಯಲ್ಲಿ ನಿಂತೇ ತಿಳಿದಿರುತ್ತಾನೆ. ಸದಸ್ಯರ ಹೊಣೆಗೆ ಮಿತಿಯಿಲ್ಲ. ಸಂಘವು ಮುಳುಗಿದರೆ ಪ್ರತಿಯೊಬ್ಬನ ಹೊಲವೂ ಅಪಾಯಕ್ಕೊಳಗಾಗುವುದು. ಕೇಳುವುದಕ್ಕೆ ಇದು ಭಯಂಕರವೆನಿಸಿದರೂ ಇದರಲ್ಲಿಯೇ ಜಾಣತನವಿದೆ. ಹೊಣೆಯು ತನ್ನ ಕುತ್ತಿಗೆಗೆ ಬರುವುದಾದರೆ, ನೆರೆಯವನು ಬಿತ್ತನೆಗೆಂದು ಪಡೆದ ಹಣದಲ್ಲಿ ಜಾತ್ರೆ ಮಾಡದಂತೆ ಮನುಷ್ಯನು ತಾನಾಗಿಯೇ ಕಾವಲಿರುತ್ತಾನೆ. ಹೊರಗಿನವನೂ ಆ ಊರಿಗೆ ಧೈರ್ಯವಾಗಿ ಹಣ ಕೊಡುತ್ತಾನೆ. ಒಬ್ಬೊಬ್ಬರಾಗಿ ನಿಂತಾಗ ಯಾರಿಗೂ ಇಲ್ಲದ ಪತ್ತು ಎಲ್ಲರೂ ಒಟ್ಟಿಗೆ ನಿಂತಾಗ ಊರಿಗೆ ಬರುವುದು.

ಪತ್ತು ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದ್ದೇನೆ. ಉತ್ತರ ಕರ್ನಾಟಕದವರ ಬಾಯಲ್ಲಿ ಇದು ನಿತ್ಯದ ಮಾತು. ಮರಾಠಿಯಿಂದ ಬಂದಿರಬೇಕು, ಅಲ್ಲಿಯೂ ಇಲ್ಲಿಯೂ ಇದಕ್ಕೆ ಸಾಲ ಹುಟ್ಟುವ ಯೋಗ್ಯತೆ ಎಂದೂ ಮಾನಮರ್ಯಾದೆ ಎಂದೂ ಎರಡು ಅರ್ಥಗಳುಂಟು. ಯುರೋಪಿನ ಭಾಷೆಗಳ ಕ್ರೆಡಿಟ್ ಎಂಬ ಶಬ್ದವೂ ಲ್ಯಾಟಿನ್ನಿನ ನಂಬು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಸಾಲದ ಬೇರು ನಂಬಿಕೆಯಲ್ಲಿದೆಯೆಂಬುದನ್ನು ಎರಡು ದೂರದ ನುಡಿಗಳು ಬೇರೆ ಬೇರೆಯಾಗಿ ಕಂಡುಕೊಂಡಿರುವುದು ಭಾಷೆಯ ಮೇಷ್ಟರಾದ ನನಗೆ ಸಂತೋಷದ ವಿಷಯ. ವಿಷಯಾಂತರವಾಯಿತು, ಮನ್ನಿಸಬೇಕು.

ಸಂಘದ ಉಳಿದ ನಿಯಮಗಳೂ ಇದೇ ಬಗೆಯವು. ಆಡಳಿತ ನಡೆಸುವವರಿಗೆ ಸಂಬಳವಿಲ್ಲ; ಲೆಕ್ಕ ಬರೆಯುವವನಿಗೆ ಮಾತ್ರ ಅಲ್ಪ ಪ್ರತಿಫಲ. ಬಂದ ಲಾಭವನ್ನು ಹಂಚಿಕೊಳ್ಳುವಂತಿಲ್ಲ. ಯಾರೂ ಎಂದಿಗೂ ಪಾಲು ಕೇಳಲಾಗದ ಒಂದು ನಿಧಿಗೆ ಅದು ಸೇರತಕ್ಕದ್ದು. ಸಾಲವನ್ನು ದುಡಿಮೆಗಾಗಿಯೇ ಕೊಡತಕ್ಕದ್ದು. ತೀರಿಸುವ ಅವಧಿಯು ಹೊಲದ ಗತಿಯನ್ನು ಅನುಸರಿಸತಕ್ಕದ್ದು.

ಈ ಕೊನೆಯ ಮಾತಿನ ಮೇಲೆಯೇ ಷುಲ್ಸೆ-ಡೆಲಿಚ್‌ನೊಡನೆ ಜಗಳ ಹತ್ತಿತು. ಪಟ್ಟಣದ ಚಮ್ಮಾರನು ಇಂದು ಚರ್ಮ ಕೊಂಡರೆ ತಿಂಗಳೊಳಗೆ ಜೋಡು ಮಾರುತ್ತಾನೆ. ಮೂರು ತಿಂಗಳ ಸಾಲ ಅವನಿಗೆ ಸಾಕು. ಕರುವು ಹಸುವಾಗುವುದಕ್ಕೆ ಮೂರು ತಿಂಗಳು ಸಾಕೇ? ರೈಫೈಸನ್ನನು ವರ್ಷಗಟ್ಟಲೆಯ ಅವಧಿಗೆ ಸಾಲ ಕೊಡಿಸುತ್ತಿದ್ದನು. ಠೇವಣಿ ಇಟ್ಟವರು ನಾಳೆ ಬಂದು ಕೇಳಿದರೆ ಹಣವೆಲ್ಲಿಂದ ತರುವಿರೆಂಬುದು ಷುಲ್ಸೆಯ ಆಕ್ಷೇಪಣೆ. ಷೇರು ಬಂಡವಾಳವಿಲ್ಲದ ಸಂಘವು ಸಂಘವೇ ಅಲ್ಲವೆಂಬುದು ಇನ್ನೊಂದು. ಲೆಕ್ಕದ ದೃಷ್ಟಿಯಿಂದ ಅವನ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ವಾದವು ಪತ್ರಿಕೆಗಳಿಂದ ಶಾಸನಸಭೆಯವರೆಗೂ ಏರಿತು. ಸರ್ಕಾರವು ತಜ್ಞರನ್ನು ಕಳುಹಿಸಿ ಸಂಘಗಳನ್ನು ಪರಿಶೀಲಿಸಿತು. ತಜ್ಞರ ವರದಿಯು ಒಟ್ಟಿನಲ್ಲಿ ರೈಫೈಸನ್ನನ ಕಡೆಗೇ ವಾಲಿತು. ಕಾನೂನು ಷೇರು ಬೇಕೇ ಬೇಕೆಂದಾಗ ಅವನು ಷೇರಿನ ಮೊತ್ತವನ್ನು ಅತ್ಯಲ್ಪವಾಗಿಟ್ಟು ತನ್ನ ತತ್ತ್ವವನ್ನು ಕಾಪಾಡಿಕೊಂಡನು. ಸಂಘಗಳ ಹೆಚ್ಚಿನ ಹಣವನ್ನು ಕೊರತೆಯಿದ್ದ ಕಡೆಗೆ ಸಾಗಿಸಲು ೧೮೭೬ರಲ್ಲಿ ನೊಯ್‌ವೀಡ್‌ನಲ್ಲಿ ಒಂದು ಕೇಂದ್ರ ಬ್ಯಾಂಕನ್ನು, ೧೮೭೭ರಲ್ಲಿ ಸಂಘಗಳ ಒಂದು ಒಕ್ಕೂಟವನ್ನು ಸ್ಥಾಪಿಸಿದನು.

ಇಷ್ಟೆಲ್ಲವನ್ನೂ ಅವನು ಮಾಡಿದ್ದು ಬಹುಮಟ್ಟಿಗೆ ಕತ್ತಲೆಯಲ್ಲಿ. ೧೮೬೩ರಲ್ಲಿ ಹೆಂಡತಿ ಎಮಿಲೀ ತೀರಿಕೊಂಡಳು. ಅದೇ ಸುಮಾರಿನಲ್ಲಿ ಅವನೂ ಸನ್ನಿಪಾತ ಜ್ವರಕ್ಕೆ ಸಿಕ್ಕಿದನು. ಕಣ್ಣು ಮೊದಲೇ ಕೆಟ್ಟಿದ್ದಿತು, ಈಗ ಇನ್ನೂ ಮಂಜಾಯಿತು. ೧೮೬೫ರಲ್ಲಿ, ನಾಲ್ವತ್ತೇಳನೆಯ ವಯಸ್ಸಿನಲ್ಲಿ, ಕೆಲಸದಿಂದ ನಿವೃತ್ತನಾಗಬೇಕಾಯಿತು. ಪಿಂಚಣಿ ಸಂಸಾರಕ್ಕೆ ಸಾಲದು. ಸಾವಿರಾರು ಜನರಿಗೆ ಸಾಲದ ದಾರಿ ತೋರಿದವನು ತನ್ನ ಹೊಟ್ಟೆಪಾಡಿಗಾಗಿ ಒಂದು ಚುಟ್ಟಾ ಕಾರ್ಖಾನೆಯನ್ನೂ ಆಮೇಲೆ ದ್ರಾಕ್ಷಾರಸದ ಅಂಗಡಿಯನ್ನೂ ನಡೆಸಿದನು. ಸಂಘಗಳಿಂದ ಸಂಬಳ ತೆಗೆದುಕೊಳ್ಳುವುದು ಅವನ ನಿಯಮಕ್ಕೇ ವಿರುದ್ಧವಾಗಿತ್ತು.

ಅವನ ಕಣ್ಣಾಗಿ ನಿಂತವಳು ಹಿರಿಯ ಮಗಳು ಅಮಾಲೀ. ೧೮೬೬ರಲ್ಲಿ ಪ್ರಕಟವಾದ ಅವನ ಗ್ರಂಥವು ಸಾಲದ ಸಂಘಗಳಿಂದ ಹಳ್ಳಿಗರ, ಕೈಗಾರರ, ಕೂಲಿಗಾರರ ಬಡತನವನ್ನು ಕಳೆಯುವ ಬಗೆಯನ್ನು ವಿವರಿಸುವಂಥದು. ಕಣ್ಣು ಕಾಣದ ಆ ವರ್ಷಗಳಲ್ಲಿ ತಂದೆ ಹೇಳಿದನು, ಮಗಳು ಬರೆದಳು. ಊರೂರುಗಳಿಂದ ಬರುವ ಪತ್ರಗಳನ್ನು ಓದಿಹೇಳುವುದು, ಉತ್ತರ ಬರೆಯುವುದು, ಲೆಕ್ಕ ನೋಡುವುದು ಎಲ್ಲವೂ ಅವಳದೇ. ಅವಳು ಮದುವೆಯಾಗಲಿಲ್ಲ. ೧೮೬೭ರಲ್ಲಿ ತಂದೆ ಮರುಮದುವೆಯಾದ ಮೇಲೂ ಅವಳ ದುಡಿಮೆ ನಿಲ್ಲಲಿಲ್ಲ. ಆ ಗ್ರಂಥವು ಅವನ ಜೀವಿತಕಾಲದಲ್ಲಿಯೇ ಐದು ಸಲ ಅಚ್ಚಾಯಿತು. ಮುಖಪುಟದಲ್ಲಿರುವುದು ಒಂದೇ ಹೆಸರು. ಪರಸ್ಪರ ಹೊಣೆಯನ್ನು ಊರಿಗೆಲ್ಲ ಕಲಿಸಿದ ಮನೆಯೊಳಗೆ ಹೊರೆಯ ಹಂಚಿಕೆ ಹೀಗಿದ್ದಿತು. ಇದನ್ನು ಹೇಳದೆ ಅವನ ಚರಿತ್ರೆ ಬರೆದರೆ ಲೆಕ್ಕದಲ್ಲಿ ಒಂದು ಪುಟ ಹರಿದಂತೆ.

ಹೇಳಬೇಕಾದ ಇನ್ನೊಂದು ಮಾತು ಉಂಟು. ಅವನ ಕಾಲದ ಹಲವರಂತೆ ರೈಫೈಸನ್ನನೂ ಬಡ್ಡಿಯ ಪಾಪವನ್ನೆಲ್ಲ ಯೆಹೂದಿ ವ್ಯಾಪಾರಿಗಳ ತಲೆಗೆ ಕಟ್ಟುವ ಮಾತುಗಳನ್ನು ಆಡಿದ್ದಾನೆ. ಇತ್ತೀಚಿನ ಜರ್ಮನ್ ಲೇಖಕರು ಇದನ್ನು ಮುಚ್ಚಿಡದೆ ಎತ್ತಿ ತೋರಿಸಿದ್ದಾರೆ. ರೈತನ ರಕ್ತ ಹೀರಿದವರಲ್ಲಿ ಕ್ರೈಸ್ತರೂ ಇದ್ದರು. ಸುಲಿಗೆಗೆ ಜಾತಿಯನ್ನು ಅಂಟಿಸುವುದು ನಮ್ಮ ಹಳ್ಳಿಗಳಲ್ಲಿಯೂ ಸುಲಭವಾಗಿ ಬರುವ ಅಭ್ಯಾಸ. ನೆರೆಯವನ ಮೇಲಣ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವನು ನೆರೆಯವರೆಂಬ ವಲಯದಿಂದ ಕೆಲವರನ್ನು ಹೊರಗಿಟ್ಟದ್ದು ಅವನ ದೊಡ್ಡ ಕೊರತೆಯೆಂದೇ ನಾನು ತಿಳಿದಿದ್ದೇನೆ.

೧೮೮೮ನೆಯ ಇಸವಿ ಮಾರ್ಚ್ ೧೧ರಂದು, ಎಪ್ಪತ್ತು ತುಂಬಲು ಇನ್ನೂ ಹತ್ತೊಂಬತ್ತು ದಿನಗಳಿರುವಾಗ, ಹೆಡ್ಡೆಸ್‌ಡಾರ್ಫಿನಲ್ಲಿ ಅವನು ತೀರಿಕೊಂಡನು. ಎರಡು ದಿನ ಮೊದಲು ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮನು ಕಾಲವಾಗಿದ್ದನು. ದೇಶವು ಆ ಶೋಕದಲ್ಲಿ ಮುಳುಗಿದ್ದಿತು. ಅಷ್ಟರಲ್ಲಿ ಅವನ ಒಕ್ಕೂಟದಲ್ಲಿ ನಾನೂರಕ್ಕೂ ಮೀರಿದ ಸಂಘಗಳಿದ್ದವು.

ಅವನ ಹೆಸರು ಭಾರತಕ್ಕೆ ಬಂದ ಬಗೆ ಹೀಗೆ. ಮದರಾಸು ಸರ್ಕಾರವು ರೈತರ ಋಣಬಾಧೆಗೆ ಮದ್ದು ಹುಡುಕಲು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಆತನು ಯುರೋಪಿನ ಸಂಘಗಳನ್ನೆಲ್ಲ ಪರಿಶೀಲಿಸಿ ೧೮೯೫ರಲ್ಲಿ ಒಂದು, ೧೮೯೭ರಲ್ಲಿ ಇನ್ನೊಂದು ಎಂದು ಎರಡು ಸಂಪುಟಗಳ ವರದಿಯನ್ನು ಬರೆದನು. ಆ ಅಷ್ಟು ಪುಟಗಳ ಸಾರವನ್ನು ಅವನು ಕೊನೆಗೆ ಒಂದೇ ಸಲಹೆಯಾಗಿ ಇಳಿಸಿದನು: ಈ ನಾಡೂ ಒಬ್ಬ ರೈಫೈಸನ್ನನನ್ನು ಹುಡುಕಿಕೊಳ್ಳಬೇಕು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಹಳ್ಳಿಯ ಸಂಘಗಳಿಗೆ ಮಿತಿಯಿಲ್ಲದ ಹೊಣೆ ಮೊದಲಾದ ಅದರ ಮುಖ್ಯ ನಿಯಮಗಳಲ್ಲಿ ಹೆಡ್ಡೆಸ್‌ಡಾರ್ಫಿನ ಛಾಯೆ ನಿಚ್ಚಳವಾಗಿದೆ. ಆ ಕಾನೂನಿನ ಮೇರೆಗೆ ದೇಶದ ಮೊದಲ ಕೃಷಿ ಪತ್ತಿನ ಸಂಘವು ಹುಟ್ಟಿದ್ದು ೧೯೦೫ರಲ್ಲಿ, ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾಯಿದೆಯನ್ನು ಮಾಡಿಕೊಂಡಿತು.

ಆದರೆ ಮುಂದಿನ ಅರ್ಧ ಶತಮಾನದ ಫಲವನ್ನು ನೋಡಿದರೆ ಮನಸ್ಸು ಮುದುಡುತ್ತದೆ. ರಿಸರ್ವ್ ಬ್ಯಾಂಕಿನವರು ೧೯೫೧-೫೨ರಲ್ಲಿ ದೇಶದಾದ್ಯಂತ ಸಮೀಕ್ಷೆ ಮಾಡಿಸಿದಾಗ, ರೈತರು ಪಡೆದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರಿಯ ೩.೧ ರೂಪಾಯಿ, ಲೇವಾದೇವಿಗಾರರದು ಸುಮಾರು ೭೦. ಕಾನೂನು ಬಂದಿತು, ಹಲಗೆ ಬಂದಿತು, ದಫ್ತರ ಬಂದಿತು. ಆದರೆ ಸಂಘವನ್ನು ಊರವರು ತಮ್ಮದೆಂದು ತಿಳಿಯಲಿಲ್ಲ, ಸರ್ಕಾರದ್ದೆಂದು ತಿಳಿದರು. ಗೌಡನೂ ಅವನ ಜೀತದಾಳೂ ಒಂದೇ ಪುಸ್ತಕದಲ್ಲಿ ಸದಸ್ಯರಾದರೂ ಒಬ್ಬರಿಗೊಬ್ಬರು ಜಾಮೀನಾಗುವ ಸಮಾನತೆ ಅವರಲ್ಲಿರಲಿಲ್ಲ. ರೈಫೈಸನ್ನನಿಗೆ ಹೆಡ್ಡೆಸ್‌ಡಾರ್ಫಿನಲ್ಲಿ ಹತ್ತು ವರ್ಷದ ಸೋಲು ಕಲಿಸಿದ ಪಾಠವನ್ನು ನಾವು ಕಾನೂನಿನ ಪುಸ್ತಕದಿಂದ ಕಲಿಯಲು ಹೋದೆವು.

ಆ ಎಳೆಯು ಮತ್ತೆ ಸಿಕ್ಕಿದ್ದು ೧೯೮೦ರ ದಶಕದ ನಡುವಣ ವರ್ಷಗಳಲ್ಲಿ, ಅದೂ ನಮ್ಮ ನಾಡಿನಲ್ಲಿಯೇ. ಮೈರಾಡ ಸಂಸ್ಥೆಯವರು ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬಬಲ್ಲ ಹತ್ತಿಪ್ಪತ್ತು ಜನರು ತಾವಾಗಿಯೇ ಬೇರೆ ಬೇರೆ ಗುಂಪುಗಳಾಗಿ ಕುಳಿತು ಉಳಿತಾಯ, ಸಾಲಗಳ ವ್ಯವಹಾರವನ್ನು ನಡೆಸಿದರು. ೧೯೯೨ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸಕ್ಕೆ ಕೈಹಾಕಿತು. ಅವೇ ಇಂದಿನ ಸ್ವಸಹಾಯ ಸಂಘಗಳು. ಸದಸ್ಯರು ಹೆಚ್ಚಾಗಿ ಹೆಂಗಸರು. ಕಿರುಸಾಲವೆಂಬ ಹೆಸರನ್ನು ಹೊತ್ತು ಬಂದ ಎಲ್ಲವೂ ಈ ಜಾತಿಯದಲ್ಲವೆಂಬುದನ್ನೂ ಹೇಳಬೇಕು. ಲಾಭಕ್ಕಾಗಿ ಸಾಲ ಹಂಚುವ ಕಂಪನಿಗಳೂ ಗುಂಪಿನ ಜಾಮೀನನ್ನೇ ಬಳಸಿದವು. ಆದರೆ ಅಲ್ಲಿ ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಗುಂಪಿನವರಲ್ಲ. ವಸೂಲಿಯ ಕಿರುಕುಳ ತಡೆಯಲು ಆಂಧ್ರದಲ್ಲಿ ೨೦೧೦ರಲ್ಲಿ, ಕರ್ನಾಟಕದಲ್ಲಿ ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸರ್ವಜ್ಞನ ಪದ್ಯ ಅವರಿಗೆ ಅನ್ವಯಿಸದೆ ಹೋಗುವುದಿಲ್ಲ.

ಇದಿಷ್ಟನ್ನೂ ನಾನು ಆ ಹುಡುಗಿಗೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಕೂರಿಸಿ ಹೇಳಿದೆ. ಮರುವಾರ ಅವಳು ತನ್ನೂರಿನ ಸಂಘದ ನಡಾವಳಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ತಂದು ತೋರಿಸಿದಳು. ಒಂದು ಪುಟದಲ್ಲಿ, ಮಗನ ಮದುವೆಗೆಂದು ಸದಸ್ಯೆಯೊಬ್ಬಳು ಕೇಳಿದ ಸಾಲವನ್ನು ಕೊಡದೆ, ಅವಳಿಗೆ ಹೊಲಿಗೆ ಯಂತ್ರಕ್ಕೆ ಸಾಲ ಕೊಡಲು ಒಪ್ಪಿದ ನಿರ್ಣಯವಿದ್ದಿತು. ಅದರ ಮೇಲೆ ಎರಡು ಸಭೆ ಜಗಳವಾಯಿತೆಂದು ಅವಳು ನಗುತ್ತ ಹೇಳಿದಳು. ಕೆಳಗೆ ಒಂಬತ್ತು ಸಹಿಗಳು, ಐದು ಹೆಬ್ಬೆಟ್ಟಿನ ಗುರುತುಗಳು. ಪುಸ್ತಕದುದ್ದಕ್ಕೂ ಅಕ್ಷರ ಒಂದೇ ಕೈಯದು. ಯಾರದೆಂದು ಕೇಳಿದೆ. ತಾಯಿಗೆ ಓದುಬರಹ ಬಾರದು, ಏಳನೆಯ ತರಗತಿಯಿಂದಲೂ ತಾನೇ ಬರೆಯುತ್ತಿದ್ದೇನೆ ಎಂದು ಹೇಳಿ, ಅಮಾಲೀಯ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಕೇಳಿ ಬರೆಸಿಕೊಂಡು ಹೋದಳು.